ಪುಟ್ಟಸಿದ್ದಮ್ಮನ ಅರಳೆಲೆ

ಉಮ್ಮತ್ತೂರಿನಲ್ಲಿ ಹತ್ತಿ ಬಿಡಿಸುವ ಹೆಂಗಸರ ಗುಂಪು ಆಗ ನಾಲ್ಕಿದ್ದವು. ಮೂರು ಗುಂಪನ್ನು ಜಮೀನಿನವರು ಆರಿಸಿಕೊಳ್ಳುತ್ತಿದ್ದರು. ನಾಲ್ಕನೆಯದು ತಾನೇ ಜಮೀನು ಆರಿಸಿಕೊಳ್ಳುತ್ತಿತ್ತು. ಆ ಗುಂಪಿನ ಯಜಮಾನಿ ಪುಟ್ಟಸಿದ್ದಮ್ಮ. ಹೊಲದ ಬದುವಿನ ಮೇಲೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಗಿಡಗಳನ್ನು ಒಂದು ಸಲ ನೋಡಿ, "ಈ ಹೊಲ ಬ್ಯಾಡ ಕಣ್ರಮ್ಮಿ, ಯಜಮಾನ ಮಜ್ಜಿಗೆಗೆ ನೀರು ಜಾಸ್ತಿ ಉಯ್ತಾನೆ" ಅಂದರೆ ಹದಿನಾರು ಹೆಂಗಸರು ಮರುಮಾತಿಲ್ಲದೆ ಸೆರಗು ಕೊಡವಿಕೊಂಡು ಮುಂದಿನ ಹೊಲಕ್ಕೆ ಹೋಗುತ್ತಿದ್ದರು.

ನನ್ನಜ್ಜಿ ಮಲ್ಲಾಜಮ್ಮ ಆ ಹದಿನಾರರಲ್ಲಿ ಒಬ್ಬಳು. ಎದುರು ಮನೆಯವಳು ಬೇರೆ. ಈ ಕತೆ ನನಗೆ ಬಂದದ್ದು ಅವಳಿಂದ. ಇದರಲ್ಲಿ ಅವಳದ್ದೂ ಒಂದು ಪಾತ್ರವಿದೆ, ಅಷ್ಟೇನೂ ಒಳ್ಳೆಯ ಪಾತ್ರವಲ್ಲ. ಮುಂದೆ ಬರುವ ಒಂದು ಮಾತನ್ನು ಆಡಿದ್ದು ತಾನಲ್ಲ, ಪಕ್ಕದಲ್ಲಿದ್ದ ಇನ್ಯಾರೋ ಅಂತ ಸಾಯುವವರೆಗೂ ವಾದಿಸಿದಳು. ಊರಿನಲ್ಲಿ ಯಾರೂ ನಂಬಲಿಲ್ಲ.

ಪುಟ್ಟಸಿದ್ದಮ್ಮನ ತವರು ಹರವೆ. ಹದಿನಾಲ್ಕಕ್ಕೆ ಮದುವೆಯಾಗಿ ಉಮ್ಮತ್ತೂರಿಗೆ ಬಂದಳು. ಗಂಡ ಪುಟ್ಟಮಾದಯ್ಯ ಮೆತ್ತಗಿನ ಮನುಷ್ಯ. ಇವಳು ಹತ್ತು ಮಾತಾಡಿದರೆ ಅವನು ಅರ್ಧ ಆಡುತ್ತಿದ್ದ. ಉಳಿದರ್ಧ ನುಂಗುತ್ತಿದ್ದ. ಮದುವೆಯಾಗಿ ಏಳೆಂಟು ವರ್ಷಕ್ಕೆ ಸತ್ಯಮಂಗಲದ ಕಡೆಯ ಕಂಗಾಣಿಯೊಬ್ಬ ಸಿಲೋನಿನ ಟೀ ತೋಟಕ್ಕೆ ಆಳು ಹುಡುಕಿಕೊಂಡು ಬಂದ. "ಆರು ತಿಂಗಳಲ್ಲಿ ಬತ್ತೀನಿ" ಅಂತ ಪುಟ್ಟಮಾದಯ್ಯ ಅವನ ಹಿಂದೆ ಹೊರಟ. ಆ ಆರು ತಿಂಗಳು ಇಪ್ಪತ್ತೆರಡು ವರ್ಷವಾಯಿತು. ತೋಟದಲ್ಲಿ ಗಿಡದ ಬುಡ ಕೆರೆಯುತ್ತಿದ್ದವನು ದೊರೆಯ ಬಂಗಲೆಗೆ ಸೌದೆ ಒಡೆಯಲು ಹೋದ, ಸೌದೆ ಒಡೆಯುತ್ತಿದ್ದವನು ಅಡುಗೆಮನೆಗೆ ಹೋದ, ಕೊನೆಗೆ ಅಡುಗೆಯವನೇ ಆದ. ಅವರಿಗೆ ಮಕ್ಕಳಾಗಲಿಲ್ಲ.

ಅಷ್ಟು ವರ್ಷದಲ್ಲಿ ಊರಿಗೆ ಬಂದದ್ದು ಮೂರೇ ಸಲ. ಮೂರು ಸಲವೂ ಹೆಂಡತಿಗೆ ಒಂದೊಂದು ಉಡುಗೊರೆ ತಂದಿದ್ದ. ಮೊದಲನೆಯ ಸಲ ತಂದದ್ದು ಒಂದು ಕರಿ ಛತ್ರಿ. ಆ ವರ್ಷ ಉಮ್ಮತ್ತೂರಿಗೆ ಮಳೆ ಬಂದದ್ದು ಎರಡು ದಿನ. ಎರಡನೆಯ ಸಲ ಯಾವುದೋ ರಾಣಿಯ ಚಿತ್ರವಿದ್ದ ಬಿಸ್ಕತ್ತಿನ ಡಬ್ಬ. ಬಿಸ್ಕತ್ತು ಇರಲಿಲ್ಲ, ದಾರಿಯಲ್ಲಿ ಹಸಿವಾಯಿತಂತೆ. ಮೂರನೆಯ ಸಲ ದೊರೆಸಾನಿ ಬಿಸಾಕಿದ್ದ ಮೊಟ್ಟೆ ಕಡೆಯುವ ಯಂತ್ರ. ಹಿಡಿ ತಿರುಗಿಸಿದರೆ ಎರಡು ತಂತಿಯ ಬುಟ್ಟಿಗಳು ಗರಗರ ಸುತ್ತುತ್ತಿದ್ದವು. ಪುಟ್ಟಸಿದ್ದಮ್ಮ ಅದನ್ನು ಗೋಡೆಗೆ ನೇತು ಹಾಕಿ, ನೋಡಲು ಬಂದವರಿಗೆಲ್ಲ ತಿರುಗಿಸಿ ತೋರಿಸಿ, "ನಮ್ಮನೆಯವ್ರು ತಂದಿರೋ ಮಿಶಿನ್ನು" ಅನ್ನುತ್ತಿದ್ದಳು. ಅದು ಏತಕ್ಕೆ ಅಂತ ಯಾರಾದರೂ ಕೇಳಿದರೆ ಮಾತ್ರ ಸಿಟ್ಟು ಬರುತ್ತಿತ್ತು.

ಐವತ್ತಾರನೇ ಇಸವಿಯ ಬೇಸಿಗೆಯಲ್ಲಿ ಒಂದು ಕಾಗದ ಬಂತು. ಯಾರ ಕೈಲೋ ತಮಿಳಿನಲ್ಲಿ ಬರೆಸಿದ್ದ. ಪುಟ್ಟಸಿದ್ದಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೇಮರಳ್ಳಿ ಸಂತೆಗೆ ಹೋಗಿ, ಬಸ್ಸು ನಿಲ್ಲುವ ಜಾಗದಲ್ಲಿ ಮಿಶಿನ್ ಹಾಕಿಕೊಂಡಿದ್ದ ತಮಿಳು ದರ್ಜಿಯ ಕೈಲಿ ಓದಿಸಿದಳು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದಾನೆ, ಇಂಡಿಯಾದವರು ಇನ್ನು ಇಲ್ಲಿರುವುದು ಕಷ್ಟ, ನಾನು ಬಂದುಬಿಡುತ್ತೇನೆ, ಇನ್ನು ವಾಪಸ್ಸು ಹೋಗುವುದಿಲ್ಲ. ಇಷ್ಟು ಓದಿ ದರ್ಜಿ, "ಉಂಗಳುಕ್ಕು, ನಿಮ್ಗೆ, ಒಂದು ಪದಕ ತತ್ತಾ ಅವ್ನೆ ಅಮ್ಮಾ" ಅಂದ.

"ಇನ್ನೊಂದ್ಕಿತ ಓದಪ್ಪಾ."

ಅವನು ಓದಿದ.

"ಪದಕದ್ದು ಮಾತ್ರ ಓದಿದ್ರೆ ಸಾಕು."

ಮೂರು ಸಲ ಓದಿಸಿದಳಂತೆ. ಸಂಜೆ ಊರಿಗೆ ಬರುವ ಹೊತ್ತಿಗೆ ಅದು ಬಂಗಾರದ ಪದಕವಾಗಿತ್ತು. ಮಾರನೆಯ ದಿನ ಹೊಲದಲ್ಲಿ ನನ್ನಜ್ಜಿ ಅದಕ್ಕೆ ಕೆಂಪು ಹರಳು ಕೂರಿಸಿದಳು. ವಾರದೊಳಗೆ, ಸಿಲೋನಿನ ಸಮುದ್ರದ ಮುತ್ತುಗಳೂ ಸುತ್ತ ಸೇರಿಕೊಂಡವು. ಪುಟ್ಟಸಿದ್ದಮ್ಮ ಯಾವುದನ್ನೂ ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.

ಆಷಾಢದಲ್ಲಿ ಪುಟ್ಟಮಾದಯ್ಯ ಬಂದ. ಹಡಗಿನಲ್ಲಿ ಧನುಷ್ಕೋಡಿ, ಅಲ್ಲಿಂದ ರೈಲು, ಆಮೇಲೆ ದಿಂಬಂ ಘಾಟಿ ಹತ್ತಿ ಚಾಮರಾಜನಗರ, ಅಲ್ಲಿಂದ ಇನ್ನೊಂದು ಬಸ್ಸು. ಪುಟ್ಟಸಿದ್ದಮ್ಮ ತನ್ನ ಇಡೀ ಗುಂಪನ್ನು ಕಟ್ಟಿಕೊಂಡು ಬೆಳಿಗ್ಗೆಯಿಂದ ಸಂತೇಮರಳ್ಳಿಯಲ್ಲಿ ಕಾದಿದ್ದಳು. ಬಸ್ಸು ಬಂದಾಗ ನಿಲ್ಲುವ ಮುಂಚೆಯೇ ಅದರ ಪಕ್ಕದಲ್ಲಿ ಓಡಿದಳು. ದೊರೆಯ ಹಳೆಯ ಕೋಟು ತೊಟ್ಟ, ತಲೆಯೆಲ್ಲ ನರೆತ ಮನುಷ್ಯನೊಬ್ಬ ಒಂದು ಟ್ರಂಕು ಹಿಡಿದು ಇಳಿದ. ಕೋಟಿನ ತೋಳು ಅವನ ಬೆರಳನ್ನೂ ಮುಚ್ಚಿತ್ತು.

ಮನೆಯ ಜಗಲಿಯಲ್ಲೇ ಟ್ರಂಕು ತೆರೆಸಿದರು. ಒಳಕ್ಕೆ ಹೋಗಿ ತೆರೆಯೋಣ ಅಂತ ಅವನು ಅಂದನಂತೆ, ಯಾರೂ ಬಿಡಲಿಲ್ಲ. ಬಟ್ಟೆಗಳ ತಳದಿಂದ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ತೆಗೆದು, ಮುಚ್ಚಳ ಎತ್ತಿ, ಹತ್ತಿಯ ಮೇಲಿದ್ದದ್ದನ್ನು ಹೆಂಡತಿಯ ಅಂಗೈಗೆ ಇಟ್ಟ.

ಬೆಳ್ಳಿಯದು. ಒಂದು ಎಲೆ. ಮೇಲೆ ಅಗಲ, ಕೆಳಗೆ ಉದ್ದನೆಯ ಚೂಪು ಬಾಲ, ನಡುವೆ ಕೂದಲಿನಂಥ ನರಗಳು. ತೊಟ್ಟಿಗೆ ಸಣ್ಣ ಬೆಳ್ಳಿಯ ಸರಪಣಿ.

ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ನನ್ನಜ್ಜಿ (ಅಥವಾ ಅವಳ ಪ್ರಕಾರ ಇನ್ಯಾರೋ) ಕೇಳಿದಳು: "ಅಯ್ಯೋ, ಅರಳೆಲೆ ಕಣಮ್ಮಿ! ಯಾವ ಮಗೀಗೆ?"

ನಮ್ಮ ಕಡೆ ಅರಳೆಲೆ ಅಂದರೆ ಏನು ಅಂತ ತಿಳಿಯದವರಿಗೆ ಹೇಳಬೇಕು. ಹೆಣ್ಣುಕೂಸು ಅಂಬೆಗಾಲಿಡುವಾಗ, ಇನ್ನೂ ಬಟ್ಟೆ ತೊಡಿಸದ ವಯಸ್ಸಿನಲ್ಲಿ, ಉಡುದಾರಕ್ಕೆ ಪೋಣಿಸಿ ಮುಂದೆ ಇಳಿಬಿಡುವ ಬೆಳ್ಳಿಯ ಎಲೆ ಅದು. ಕೂಸಿನ ಮಾನ ಮುಚ್ಚುವುದಕ್ಕೆ. ನಲವತ್ತು ದಾಟಿದ, ಹದಿನಾರು ಹೆಂಗಸರ ಯಜಮಾನಿಗೆ, ಇಪ್ಪತ್ತೆರಡು ವರ್ಷದ ಮೇಲೆ ಗಂಡ ತಂದ ಒಡವೆ ಅದು.

ಜಗಲಿ ತುಂಬ ನಗು ಎದ್ದಿತು. ಒಬ್ಬಳು ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ಆದರೆ 'ಯಾವ ಮಗೀಗೆ' ಅನ್ನುವ ಮಾತು ಆ ಮನೆಯಲ್ಲಿ ಆಡುವಂಥದ್ದಲ್ಲ ಅಂತ ಒಬ್ಬೊಬ್ಬರಿಗೇ ಹೊಳೆಯಿತು. ನಗು ನಿಂತಿತು. ಎಲ್ಲರಿಗೂ ಒಮ್ಮೆಲೇ ಮನೆಯಲ್ಲಿ ಕೆಲಸವಿರುವುದು ನೆನಪಾಯಿತು.

ಪುಟ್ಟಮಾದಯ್ಯನಿಗೆ ಏನೂ ತಿಳಿಯಲಿಲ್ಲ. ಹೆಣ್ಣುಕೂಸಿಲ್ಲದ ಮನೆಯಲ್ಲಿ ಬೆಳೆದ ಗಂಡಸು, ಅರಳೆಲೆಯನ್ನು ಯಾವಾಗ ನೋಡಿರಬೇಕು? ಅವನು ಹೆಂಡತಿಯ ಹಿಂದೆಯೇ ಒಳಕ್ಕೆ ಹೋಗಿ ವಿವರಿಸತೊಡಗಿದ.

"ಇದು ಬೋಧಿ ಎಲೆ ಕಣೆ. ಆ ದೇಸದಲ್ಲಿ ಬುದ್ಧ ಅಂದ್ರೆ ಬಾಳ ದೊಡ್ಡವ್ರು. ಈ ವರ್ಸ ಅಲ್ಲಿ ಎರಡೂವರೆ ಸಾವ್ರ ವರ್ಸದ ಅಬ್ಬ, ಊರೆಲ್ಲ ದೀಪ. ಕ್ಯಾಂಡಿ ಅಂತ ಊರು, ಅಲ್ಲಿ ಅವ್ರ ಬಾಯಿನ ಅಲ್ಲು ಮಡಗವ್ರೆ ಗುಡೀಲಿ. ಆ ಗುಡಿ ತಾವೇ ಅಕ್ಕಸಾಲಿ ಅಂಗಡಿ."

"ಅಲ್ಲು ಮಡಗವ್ರಾ?"

"ಊಂ. ಒಂದು."

"ಸರಿ, ಎಲೆಗೇನು?"

"ಆ ಬುದ್ಧ ಮೊದ್ಲು ರಾಜನ ಮಗ. ಎಂಡ್ತಿ ಇದ್ಲು, ಕೂಸಿತ್ತು. ಒಂದಿನ ಯಾರ್ಗೂ ಯೋಳ್ದೆ ಬುಟ್ಟೊಂಟೋದ. ವರ್ಸಾನುಗಟ್ಲೆ ತಿರುಗಿ, ಕೊನೆಗೆ ಅರಳಿ ಮರದ ಕೆಳ್ಗೆ ಕೂತ. ಅಲ್ಲಿ ಗ್ಯಾನ ಬಂತು. ಅದ್ಕೇ ಈ ಎಲೆ."

ಪುಟ್ಟಸಿದ್ದಮ್ಮ ಅವನನ್ನೇ ನೋಡಿದಳು. "ಎಂಡ್ತೀನ ಬುಟ್ಟೋದವ್ನ ಕತೆ ತಂದು ನಂಗೆ ಯೋಳ್ತಾ ಇದ್ದೀಯಾ? ನೀನೂ ಬುಟ್ಟೋಗಿದ್ದೆ. ಇಪ್ಪತ್ತೆರಡು ವರ್ಸ. ನಿಂಗೇನಾರ ಗ್ಯಾನ ಬಂತಾ?"

ಪುಟ್ಟಮಾದಯ್ಯ ನಿಜವಾಗಿಯೂ ಯೋಚನೆ ಮಾಡಿದ. "ಕಟ್ಲೆಟ್ಟು ಮಾಡದು ಬಂತು" ಅಂದ.

"ಆ ಯಮ್ಮ ಏನಾದ್ಲು?"

"ಯಾವ ಯಮ್ಮ?"

"ಅವ್ನ್ ಎಂಡ್ತಿ."

ಅದು ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆ ದ್ವೀಪದಲ್ಲಿ ಬುದ್ಧನ ಕತೆ ಕೇಳಿದ್ದ, ಇದೊಂದನ್ನು ಕೇಳಲು ತೋಚಿರಲಿಲ್ಲ. ಪುಟ್ಟಸಿದ್ದಮ್ಮ ಎಲೆಯನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಮುಚ್ಚಿದಳು.

ಊರು ಸುಮ್ಮನಿರಲಿಲ್ಲ. ಒಂದು ಕಡೆಯವರು, ಸಿಲೋನಿನಲ್ಲಿ ಅವನಿಗೆ ಇನ್ನೊಂದು ಸಂಸಾರವಿದೆ, ಅಲ್ಲಿಯ ಕೂಸಿನ ಅರಳೆಲೆ ಮರೆತು ಟ್ರಂಕಿನಲ್ಲಿ ಬಂದುಬಿಟ್ಟಿದೆ ಅಂದರು. ಈ ಮಾತು ಕಿವಿಗೆ ಬಿದ್ದಾಗ ಪುಟ್ಟಸಿದ್ದಮ್ಮ, "ಒಂದು ಸಂಸಾರ ಮಾಡಕ್ಕೇ ಬರ್ನಿಲ್ಲ ಅವ್ನಿಗೆ, ಎಲ್ಡು ಎಲ್ಲಿಂದ ಮಾಡಾನು?" ಅಂತ ತಳ್ಳಿಹಾಕಿದಳು. ಚಾವಡಿಯಲ್ಲಿ ಇಸ್ಪೀಟಾಡುವವರಿಗೆ ಯಾರೋ ಎಲೆಯ ಆಕಾರವನ್ನು ನೆಲದ ಮೇಲೆ ಬರೆದು ತೋರಿಸಿದರು. ಅಂದಿನಿಂದ ಅವರು ಪುಟ್ಟಮಾದಯ್ಯನನ್ನು ಇಸ್ಪೇಟ್ ಎಕ್ಕ ಅಂತ ಕರೆದರು. ಅವನು ಅದಕ್ಕೂ ಓಗೊಟ್ಟ.

ಸಹಿಸಲಾರದೆ ಒಂದು ದಿನ ಪುಟ್ಟಸಿದ್ದಮ್ಮ ಪೆಟ್ಟಿಗೆಯನ್ನು ಮಡಿಲಿಗೆ ಕಟ್ಟಿಕೊಂಡು ಚಾಮರಾಜನಗರದ ಬಸ್ಸು ಹತ್ತಿದಳು. ಬೆಳ್ಳಿ ಕೆಲಸದ ಜಿಯಾವುಲ್ಲಾ ಸಾಬರ ಅಂಗಡಿ ಅವಳಿಗೆ ಗೊತ್ತಿತ್ತು. ಗುಂಪಿನ ಹೆಂಗಸರ ಕಾಲುಂಗುರವೆಲ್ಲ ಅವರ ಕೈಯದೇ.

"ಇದ ಕರಗ್ಸಿ ಕಾಲುಂಗ್ರ ಮಾಡ್ಕೊಡಿ ಸಾಬ್ರೇ."

ಜಿಯಾವುಲ್ಲಾ ಎಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು, ಕನ್ನಡಕ ಒರೆಸಿ ಮತ್ತೆ ತಿರುಗಿಸಿದರು. "ಕೆಲಸ ಚೆನ್ನಾಗದೆ ಅಮ್ಮಾ. ಆದ್ರೆ ಇದ ನಾನು ಕರಗ್ಸಲ್ಲ."

"ಯಾಕೆ?"

"ಇಂದುಗಡೆ ಬರದವ್ರೆ ನೋಡಿ." ಎಲೆಯ ಬೆನ್ನಿನ ಮೇಲೆ ಜಿಲೇಬಿ ಸುತ್ತಿದ ಹಾಗೆ ಒಂದು ಸಾಲು ಗುಂಡು ಗುಂಡು ಅಕ್ಷರ. ಅವಳು ಇದುವರೆಗೆ ಅದನ್ನು ಬಳ್ಳಿ ಅಂದುಕೊಂಡಿದ್ದಳು. "ಯಾವ ಬಾಸೆಯೋ ಗೊತ್ತಿಲ್ಲ. ದೇವ್ರ ಎಸ್ರಾಗಿರ್ಬೌದು, ಮನ್ಸರ ಎಸ್ರಾಗಿರ್ಬೌದು. ಬರಹ ಇರೋದ್ನ ನಮ್ಮಪ್ಪ ಬೆಂಕಿಗಾಕ್ತಿರ್ನಿಲ್ಲ, ನಾನೂ ಆಕಲ್ಲ. ಏನು ಬರ್ದದೆ ಅಂತ ಕೇಳ್ಕಂಡು ಬನ್ನಿ, ಆಮೇಲೆ ನೋಡನ."

ವಾಪಸ್ಸು ಬಂದವಳು ಗಂಡನ ಮುಂದೆ ಎಲೆಯನ್ನು ಬೋರಲು ಇಟ್ಟಳು. "ಇದೇನಿದು?"

ಪುಟ್ಟಮಾದಯ್ಯ ಜೋಳದ ಹಿಟ್ಟು ನಾದುತ್ತಿದ್ದ. ಮನೆಗೆ ಬಂದಾಗಿನಿಂದ ಅಡುಗೆ ಅವನದೇ ಆಗಿತ್ತು. ತಲೆಯೆತ್ತದೆ, "ನಿನ್ ಎಸ್ರು" ಅಂದ.

"ಮೊದ್ಲೇ ಯಾಕೆ ಬೊಗಳ್ನಿಲ್ಲ?"

"ನೀನು ಕೇಳ್ನಿಲ್ಲ."

ಅವನಿಗೆ ಕನ್ನಡವೂ ಓದಲು ಬಾರದು, ಸಿಂಹಳವೂ ಬಾರದು. ಅಂಗಡಿಯವನು ಹೆಸರು ಕೇಳಿದ, ಇವನು ಹೇಳಿದ, ಅವನು ಬರೆದ. ಪುಟ್ಟಸಿದ್ದಮ್ಮನಿಗೆ ಒಳಗೇ ಹಿತವಾಯಿತು. ಇಡೀ ಜಿಲ್ಲೆಯಲ್ಲಿ ಯಾವ ಗೌಡಸಾನಿಯ ಒಡವೆಯ ಮೇಲೂ ಒಡತಿಯ ಹೆಸರಿರಲಿಲ್ಲ. ಆದರೂ ಪರೀಕ್ಷೆ ಮಾಡದೆ ಒಪ್ಪುವ ಹೆಂಗಸಲ್ಲ ಅವಳು. ಗಂಡನನ್ನು ಕರೆದುಕೊಂಡು, ಮೇಷ್ಟರ ಕೆಲಸದಿಂದ ನಿವೃತ್ತರಾಗಿದ್ದ ಕರಿಬಸವಯ್ಯನವರ ಮನೆಗೆ ಹೋದಳು.

ಕರಿಬಸವಯ್ಯ ಕಡ್ಡಿಯ ತುದಿಯಿಂದ ಒಂದೊಂದೇ ಅಕ್ಷರ ಎಣಿಸಿದರು. "ಎಂಟಿದೆಯಲ್ಲಮ್ಮ. ಪುಟ್ಟಸಿದ್ದಮ್ಮ ಅಂದ್ರೆ ಐದೇ ಅಕ್ಷರ. ಮೂರು ಜಾಸ್ತಿ."

ಪುಟ್ಟಸಿದ್ದಮ್ಮ ಗಂಡನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಸಿಲೋನಿನ ಇನ್ನೊಂದು ಹೆಂಗಸು, ಎಂಟಕ್ಷರದವಳು, ಒಂದು ಕ್ಷಣ ಹಾದುಹೋಗಿರಬೇಕು.

ಪುಟ್ಟಮಾದಯ್ಯ ಕೋಟಿನ ತೋಳಿನೊಳಗೆ ಬೆರಳು ಎಳೆದುಕೊಂಡು, "ಆ ಮೂರು ಮರ್ವಾದಿಗೆ ಸೇರಿಸವ್ರೆ ಕಣಾ" ಅಂದ.

ಮೇಷ್ಟರು ಕೆಮ್ಮಿದರು. ನಗು ತಡೆದದ್ದು ಹಾಗೆ. ಆ ದೇಶದವರು ಒತ್ತಕ್ಷರವನ್ನು ನಮ್ಮಂತೆ ಕೆಳಗೆ ಬರೆಯದೆ ಪಕ್ಕಪಕ್ಕದಲ್ಲೇ ಬರೆಯುವುದೂ ಉಂಟಂತೆ, ಹಾಗಿದ್ದರೆ ಎಂಟು ಸರಿಯೇ ಇರಬಹುದು ಅಂದರು. ಅಷ್ಟು ಹೊತ್ತಿಗೆ ಪುಟ್ಟಸಿದ್ದಮ್ಮ ಮರ್ಯಾದೆಯ ಮಾತನ್ನೇ ಇಟ್ಟುಕೊಂಡುಬಿಟ್ಟಿದ್ದಳು. ಬೇರೆ ವಿವರಣೆ ಅವಳಿಗೆ ಬೇಕಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಮೇಷ್ಟ್ರೇ, ಆ ಬುದ್ಧನ ಎಂಡ್ತಿ ಏನಾದ್ಲು? ಇವ್ನಿಗೆ ಗೊತ್ತಿಲ್ಲ."

"ಯಶೋಧರೆಯೇನಮ್ಮ? ಗಂಡ ಹೋದ ಮೇಲೆ ಮಗನನ್ನ ಸಾಕಿಕೊಂಡು ಇದ್ಲು. ಎಷ್ಟೋ ವರ್ಷ ಆದಮೇಲೆ ಬುದ್ಧ ಊರಿಗೆ ಬಂದ. ಅಪ್ಪ, ಚಿಕ್ಕಮ್ಮ, ಊರವರು ಎಲ್ಲ ಓಡಿಹೋಗಿ ನೋಡಿದ್ರು. ಆಕೆ ಮಾತ್ರ ಹೋಗಲಿಲ್ಲ. ನನ್ನಲ್ಲಿ ಏನಾದ್ರೂ ಸತ್ವ ಇದ್ರೆ ಅವನೇ ಬರ್ತಾನೆ ಅಂತ ಒಳಗೇ ಕೂತಿದ್ಲು."

"ಬಂದ್ನಾ?"

"ಬಂದ. ಅವಳ ಕೋಣೆಗೇ ಬಂದ."

ಪುಟ್ಟಸಿದ್ದಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳು ಮಾತಾಡದೆ ನಡೆದದ್ದನ್ನು ನೋಡಿ ಎದುರು ಬಂದವರು ಯಾರಾದರೂ ತೀರಿಕೊಂಡರೇ ಅಂತ ಪುಟ್ಟಮಾದಯ್ಯನನ್ನು ಸನ್ನೆಯಲ್ಲಿ ಕೇಳಿದರು. ಮನೆ ಹತ್ತಿರವಾದಾಗ ತನ್ನಷ್ಟಕ್ಕೇ ಅಂದಳು: "ಆ ಯಮ್ಮ ಕೋಣೆ ಬುಟ್ಟು ಕದಲ್ನಿಲ್ಲ. ನಾನು ನೋಡಿದ್ರೆ ಬಸ್ಸಿನ್ ಜತೆ ಓಡ್ಬುಟ್ಟೆ."

ಮಾರನೆಯ ಬೆಳಿಗ್ಗೆ ಅವಳು ಮನೆಯಲ್ಲಿರಲಿಲ್ಲ. ಹರವೆಗೆ, ತಮ್ಮನ ಮನೆಗೆ ಹೋಗಿದ್ದಳು. ಪೆಟ್ಟಿಗೆಯನ್ನು ಅಡುಗೆಮನೆಯಲ್ಲಿ, ಅವನ ಕಣ್ಣಿಗೆ ಬೀಳುವಂತೆ ಹಿಟ್ಟಿನ ಮಡಕೆಯ ಮೇಲೆ ಇಟ್ಟಿದ್ದಳು. ನನ್ನಜ್ಜಿಯ ಹತ್ತಿರ ಹೇಳಿಹೋಗಿದ್ದ ಮಾತು ಇಷ್ಟು: "ನಾನು ಸಿಟ್ಟು ಮಾಡ್ಕಂಡಿಲ್ಲ. ಅವ್ನು ಊರಿಗೆ ಬಂದದ್ದು ಸರಿಯಾಗಿ ಆಗ್ನಿಲ್ಲ, ಇನ್ನೊಂದ್ಕಿತ ಬರ್ಲಿ. ನಾನು ಒರಗೆ ಬರಲ್ಲ. ಅವ್ನೇ ಒಳಕ್ಕೆ ಬರ್ಬೇಕು."

ನನ್ನಜ್ಜಿ ಮಾತನ್ನು ತಲುಪಿಸಿದಳು. ಪುಟ್ಟಮಾದಯ್ಯ ಸ್ನಾನ ಮಾಡಿ, ಕೋಟು ತೊಟ್ಟು, ಪೆಟ್ಟಿಗೆ ಜೇಬಿಗಿಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಹರವೆ ಸೇರಿದ. ನನ್ನಜ್ಜಿ ಯಾಕೆ ಅವನ ಜೊತೆಗೆ ಹೋದಳು ಅನ್ನುವುದಕ್ಕೆ ಅವಳಲ್ಲಿ ಸರಿಯಾದ ಕಾರಣವಿರಲಿಲ್ಲ. ಹರವೆಯಲ್ಲಿ ಸುದ್ದಿ ಮೊದಲೇ ಹರಡಿತ್ತು. ತಮ್ಮನ ಮನೆಯ ಮುಂದೆ ಮದುವೆಯ ಹಾಗೆ ಜನ. ಕೆಲವರು ಆಗಲೇ ಇಷ್ಟಿಷ್ಟೇ ಜಾಗ ಬಿಟ್ಟು ದಾರಿ ಮಾಡಿಕೊಟ್ಟರು.

ಪುಟ್ಟಸಿದ್ದಮ್ಮ ಒಳಕೋಣೆಯಲ್ಲಿ ರಾಗಿ ಚೀಲಕ್ಕೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಗಂಡ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಕ್ಕೆ ಬಂದ. ಅವನ ಹಿಂದೆ ಬಾಗಿಲು ತುಂಬ ಮುಖಗಳು.

"ಬಂದಾ?"

"ಬಂದೆ."

"ಯಾಕೆ ತಂದೆ ಈ ಎಲೆಯ? ಸರಿಯಾಗಿ ಯೋಳು. ಅಲ್ಲಿನ ಕತೆ ಬ್ಯಾಡ, ನಿಂದು ಯೋಳು."

ಪುಟ್ಟಮಾದಯ್ಯ ಅಷ್ಟು ಜನರ ಮುಂದೆ, ಬಹುಶಃ ಬದುಕಿನಲ್ಲೇ ಉದ್ದನೆಯ ಮಾತಾಡಿದ. "ಅಂಗಡಿಯವ್ನು ಅಂದ. ಗ್ಯಾನ ಬಂದ್ಮೇಲೆ ಬುದ್ಧ ತಟಕ್ನೆ ಒಂಟೋಗ್ನಿಲ್ವಂತೆ. ಆ ಮರದ ಮುಂದೆ ನಿಂತ್ಕಂಡು, ಏಳು ದಿನ ರೆಪ್ಪೆ ಬಡೀದಂಗೆ ಅದ್ನೇ ನೋಡಿದ್ನಂತೆ, ಅಷ್ಟು ದಿನ ನೆಳ್ಳು ಕೊಡ್ತಲ್ಲಾ ಅಂತ. ಅದ್ಕೆ ಅಲ್ಲಿನವ್ರು, ಯಾರು ನೆಳ್ಳಾಗಿದ್ರೋ ಅವ್ರಿಗೆ ಈ ಎಲೆ ಕೊಡ್ಬೌದು ಅಂದ. ನಾನು ಸಿಲೋನಲ್ಲಿ ಎಲ್ಲಿದ್ರೂ, ಉಮ್ಮತ್ತೂರಲ್ಲಿ ನಂದೊಂದು ಮನೆ ಅದೆ, ಅದ್ರ ಬಾಗ್ಲು ಮುಚ್ಚಿಲ್ಲ ಅಂತ ಗೊತ್ತಿತ್ತು. ಅಷ್ಟೇಯ."

ಬಾಗಿಲಲ್ಲಿದ್ದ ಯಾರೋ ಮೂಗು ಸೀಟಿಕೊಂಡರು. ಅದೂ ತಾನಲ್ಲ ಅಂತ ನನ್ನಜ್ಜಿಯ ವಾದ.

ಪುಟ್ಟಸಿದ್ದಮ್ಮ ಸ್ವಲ್ಪ ಹೊತ್ತು ಚಾಪೆಯ ಕಡ್ಡಿ ಮುರಿಯುತ್ತಿದ್ದಳು. ಕಣ್ಣು ಒದ್ದೆಯಾದದ್ದನ್ನು ಜನ ನೋಡಬಾರದಿತ್ತು. ಆಮೇಲೆ ಅಂದಳು: "ಏಳು ದಿನ ರೆಪ್ಪೆ ಬಡೀನಿಲ್ವಾ?"

"ಊಂ."

"ನಿಂಗೆ ಏಳು ದಿನ ಬ್ಯಾಡ. ನಮ್ ತಮ್ಮನ ಎಂಡ್ತಿ ರೊಟ್ಟಿ ತಟ್ತಾ ಅವ್ಳೆ, ಒಂದು ರೊಟ್ಟಿ ಬೇಯಗಂಟ ನೋಡು, ಸಾಕು. ರೆಪ್ಪೆ ಬಡ್ದೀಯಾ, ಮತ್ತೆ ಮೊದ್ಲಿಂದ."

ಪುಟ್ಟಮಾದಯ್ಯ ನಿಂತ. ಹೆಂಡತಿಯ ಮುಖ ನೋಡಿದ. ಒಲೆಯ ಹೊಗೆ ಬೇರೆ ಕೋಣೆಗೆ ನುಗ್ಗುತ್ತಿತ್ತು. ಮೊದಲ ರೊಟ್ಟಿಗೆ ಸೋತ. ಎರಡನೆಯದಕ್ಕೂ ಸೋತ. ಬಾಗಿಲಲ್ಲಿದ್ದವರು ಎರಡು ಪಂಗಡವಾಗಿ, ಒಂದು ಪಂಗಡ "ಬಡ್ದ, ಬಡ್ದ" ಅಂತಲೂ ಇನ್ನೊಂದು "ಇಲ್ಲ ಕಣ್ಲಾ, ಒಗೆಗೆ ನೀರು ಬಂತಷ್ಟೇಯ" ಅಂತಲೂ ಕೂಗಿದರು. ಮೂರನೆಯ ರೊಟ್ಟಿಗೆ ಅವನ ಕಣ್ಣು ಕೆಂಡವಾಗಿ, ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯಿತು. ರೆಪ್ಪೆ ಮಾತ್ರ ಕದಲಲಿಲ್ಲ. ತಮ್ಮನ ಹೆಂಡತಿ ದಯೆಯಿಂದ ಆ ರೊಟ್ಟಿಯನ್ನು ಹಸಿಬಿಸಿಯಲ್ಲೇ ಇಳಿಸಿದಳು.

"ಸಾಕು ಬುಡು, ಕಣ್ಣೋದ್ರೆ ನಾನೇ ಕೈ ಇಡ್ಕಂಡು ತಿರುಗ್ಬೇಕಾಯ್ತದೆ" ಅಂತ ಪುಟ್ಟಸಿದ್ದಮ್ಮ ಕೊರಳು ಮುಂದೆ ಮಾಡಿದಳು. ಅವನು ಕಣ್ಣು ಕಾಣದೆ ತಡವರಿಸಿ ಸರಪಣಿಯ ಕೊಂಡಿ ಹಾಕಿದ.

ಪೆಟ್ಟಿಗೆ ಹಾಗೇ ಖಾಲಿಯಾಯಿತು. ಉಮ್ಮತ್ತೂರಿನಲ್ಲಿ ಮೊದಮೊದಲು ನಕ್ಕವರಿಗೆ ಪುಟ್ಟಸಿದ್ದಮ್ಮ ತಾನೇ ಎಲೆಯನ್ನು ಎತ್ತಿ ತೋರಿಸಿ, "ಊಂ ಕಣಮ್ಮಿ, ಅರಳೆಲೆನೇ. ಕೂಸಿಗೆ ಮಾನ ಮುಚ್ಚಕ್ಕೆ ಸೊಂಟದಲ್ಲಿ, ನಂಗೆ ಮಾನ ತೋರ್ಸಕ್ಕೆ ಎದೇಲಿ" ಅನ್ನುತ್ತಿದ್ದಳು. ಮುಂದಿನ ಸುಗ್ಗಿಯ ಹೊತ್ತಿಗೆ ಗುಂಪಿನ ಇಬ್ಬರು ಜಿಯಾವುಲ್ಲಾ ಸಾಬರ ಅಂಗಡಿಗೆ ಹೋಗಿ ಅಂಥದ್ದೇ ಎಲೆ ಮಾಡಿಕೊಡಿ ಅಂತ ಕೇಳಿದರು. ಹಿಂದೆ ಏನು ಬರೆಯಲಿ ಅಂತ ಸಾಬರು ಕೇಳಿದ್ದಕ್ಕೆ, "ಎಂಟಕ್ಷರ ಬರೀರಿ, ಏನಾರ ಸರಿ" ಅಂದರಂತೆ.

ಐವತ್ತೇಳರಲ್ಲಿ ಪುಟ್ಟಮಾದಯ್ಯನಿಗೆ ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಮಗ್ಗುಲಲ್ಲಿದ್ದ ಒಂದು ಬಂಗಲೆಯಲ್ಲಿ ಅಡುಗೆಯ ಕೆಲಸ ಸಿಕ್ಕಿತು. ಗಂಡ ಹೆಂಡತಿ ಇಬ್ಬರೂ ಹೋದರು. ಅಲ್ಲಿ ಮೊಟ್ಟೆ ಕಡೆಯುವ ಯಂತ್ರಕ್ಕೂ ಕೆಲಸವಾಯಿತು. ಸಂಜೆ ಹೊತ್ತು ಹಿಂದಿನ ಕಟ್ಟೆಯ ಮೇಲೆ ಅಕ್ಕಪಕ್ಕದ ಹೆಂಗಸರು ಸೇರಿದಾಗ, ಅವರಲ್ಲಿ ಬತ್ತೇರಿ ಕಡೆಯಿಂದ ಬಂದ ಮಲಯಾಳದವರೂ ಇರುತ್ತಿದ್ದರು, ಎಲೆಯ ವಿಚಾರ ಕೇಳುತ್ತಿದ್ದರು. ಪುಟ್ಟಸಿದ್ದಮ್ಮ ಬುದ್ಧನ ಕತೆ ಹೇಳುತ್ತಿದ್ದಳು. ಆ ಕತೆಯಲ್ಲಿ ಬುದ್ಧನಿಗೆ ಎರಡೇ ಮಾತು. ಅವನ ಹೆಂಡತಿಗೆ ಮುಕ್ಕಾಲು ಗಂಟೆ.

ಆದರೆ ಹತ್ತಿ ಒಡೆಯುವ ಕಾಲ ಬಂತೆಂದರೆ ಅವಳ ಕಾಲು ಗುಂಡ್ಲುಪೇಟೆಯಲ್ಲಿ ನಿಲ್ಲುತ್ತಿರಲಿಲ್ಲ. ಪ್ರತಿ ವರ್ಷ ಗಂಟು ಕಟ್ಟಿಕೊಂಡು ಒಂದೂವರೆ ತಿಂಗಳಿಗೆ ಉಮ್ಮತ್ತೂರಿಗೆ ಬಂದುಬಿಡುತ್ತಿದ್ದಳು. ಯಾವಾಗ ಬರ್ತೀಯ ಅಂತ ಪುಟ್ಟಮಾದಯ್ಯ ಕೇಳಿದರೆ, "ಬಿಡ್ಸಿ ಮುಗುದ್ಮೇಲೆ" ಅನ್ನುತ್ತಿದ್ದಳು. ಅವನು ಬಂಗಲೆಯ ಮುಂದೆ ಲಾರಿ ನಿಲ್ಲಿಸುವ ಡ್ರೈವರುಗಳ ಹತ್ತಿರ, ಅವಳಿಲ್ಲದೆ ಮನೆಯಲ್ಲಿ ಸದ್ದೇ ಇಲ್ಲ, ನಿದ್ದೆ ಹತ್ತುತ್ತಿಲ್ಲ ಅಂತ ದೂರುತ್ತಿದ್ದನಂತೆ.

ಒಂದು ವರ್ಷ ಹೊಲದಲ್ಲಿ ನನ್ನಜ್ಜಿ ಕೇಳಿದಳು: "ಅಲ್ಲಾ ಕಣಕ್ಕಾ, ಅಣ್ಣ ಒಬ್ನೇ ಎಂಗಿರ್ತಾನೆ ಇಷ್ಟು ದಿನ?"

"ಯಾಕೆ? ಅಡ್ಗೆ ಬತ್ತದಲ್ಲ ಅವ್ನಿಗೆ" ಅಂದಳು ಪುಟ್ಟಸಿದ್ದಮ್ಮ. ಮಡಿಲಿನ ಹತ್ತಿಯನ್ನು ರಾಶಿಗೆ ಸುರಿದು, ನನ್ನಜ್ಜಿ ಬಿಡಿಸದೆ ಬಿಟ್ಟುಬಂದಿದ್ದ ಎರಡು ಕಾಯಿಗಳನ್ನು ತೋರಿಸಿ, ಮುಂದಿನ ಸಾಲಿಗೆ ನಡೆದಳು.